ಸೀನುವ ಬೂದಿಗೊರಳು

ಕ್ರಿಸ್ತಶಕ ೨೩೧೪, ಆಷಾಢದ ನಲವತ್ತನೆಯ ಬೆಳಗು

ಪ್ರೀತಿಯ ಗುಲಾಬಿಯಕ್ಕನಿಗೆ, ನಿಮ್ಮ ದ್ವೀಪದಿಂದಲೇ ದುಗ್ಗಮ್ಮನ ವಂದನೆಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಆಷಾಢ ಮುಗಿಯುವುದು ಮಳೆ ನಿಂತಾಗ. ನನ್ನ ಮಾತು ವಿಚಿತ್ರವೆನ್ನಿಸಿದರೂ ಹೊಟ್ಟೆಗೆ ಹಾಕಿಕೊಳ್ಳಿ. ಮುನ್ನೂರು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ಅಜ್ಜಿಯಿಂದ ಕಲಿತೆ, ಅಜ್ಜಿಗೂ ಅರ್ಧವೇ ಬರುತ್ತಿತ್ತು.

ಹಾಡು ಕಲಿಸಬೇಕಾಗಿದ್ದ ಕೊನೆಯ ಮುದಿ ಗಂಡುಹಕ್ಕಿ ಸತ್ತಮೇಲೆ ಬೂದಿಗೊರಳು ಹಕ್ಕಿಯ ಮರಿಗಳಿಗೆ ನೀವೇ ಗುರು. ಅದರ ಹಾಡನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡವರು ನೀವೊಬ್ಬರೇ. ದಿನಾ ಬೆಳಗಿನ ಜಾವ ಪಂಜರದ ಮುಂದೆ ಕೂತು ಅದನ್ನು ಸಿಳ್ಳೆಯಲ್ಲಿ ಹಾಡುತ್ತೀರಿ. ಹಾಡುವ ಮೊದಲು ಒಂದು ಚಿಟಿಕೆ ನಶ್ಯ, ಒಂದು ಸೀನು. ಬಿಡಿ, ಈ ದ್ವೀಪದಲ್ಲಿ ಅದೇನೂ ಗುಟ್ಟಲ್ಲ. ನಾಳೆ ಮರಿಗಳು ಮೊದಲ ಬಾರಿಗೆ ಪೂರ್ತಿ ಹಾಡುತ್ತವೆ. ಮೊದಲು ಸೀನಿ, ಆಮೇಲೆ ಹಾಡುತ್ತವೆ. ಕಾಡಿನಲ್ಲಿ ಉಳಿದಿರುವುದು ಹೆಣ್ಣುಗಳು ಮಾತ್ರ. ಇಂಥ ಹಾಡಿಗೆ ಅವು ಒಲಿಯುವುದುಂಟೇ, ನನ್ನಿಂದಲೇ ಈ ಕುಲ ಮುಗಿಯಿತು ಎಂದುಕೊಂಡು ಪಂಜರದ ಬಾಗಿಲು ತೆರೆಯುವುದೇ ಬೇಡವೆಂದು ತೀರ್ಮಾನಿಸುತ್ತೀರಿ.

ಇಲ್ಲಿಯದನ್ನು ಕೇಳಿ. ಬೆಳಗಿನ ಜಾವಕ್ಕೆ ನಮ್ಮಲ್ಲಿ ಸೀನುಹೊತ್ತು ಎಂದೇ ಹೆಸರು. ಆಗ ಅಲೆದೀಪಗಳನ್ನು, ಅಂದರೆ ಕಡಲಿನ ಏರಿಳಿತದಿಂದ ಉರಿಯುವ ದೀಪಗಳನ್ನು, ಆರಿಸಿ ಗಂಜಿಗೆ ನೀರಿಡುತ್ತೇವೆ. ಕಾಡಿನ ತುಂಬ ಸೀನೋ ಸೀನು. ದೋಣಿಗೆ ಹೊರಟವರು ಒಂಟಿ ಸೀನು ಕೇಳಿದರೆ ಹೊಸ್ತಿಲಲ್ಲೇ ಕೂರಬೇಕು. "ಹಕ್ಕಿ ಸೀನ್ತಲ್ಲ, ಒಂಚೂರು ಕೂತು ಹೋಗಿ ಮಾರಾಯ್ರೇ" ಎಂದು ನಮ್ಮತ್ತೆ ಮಾವನನ್ನು ದಿನಾ ತಡೆಯುತ್ತಾಳೆ. ಹೀಗಾಗಿ ನಮ್ಮ ದ್ವೀಪದವರು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಮುಟ್ಟಿದ್ದಿಲ್ಲ. ಹೆಣ್ಣುಹಕ್ಕಿಗಳ ಗತ್ತಂತೂ ಕೇಳಬೇಡಿ, ಸೀನದೆ ಹಾಡುವ ಗಂಡನ್ನು ಅವು ತಿರುಗಿಯೂ ನೋಡುವುದಿಲ್ಲ. ಮಕ್ಕಳು ಸೀನಿದಾಗ ನೀವು ಹೇಳುವ ಮಾತನ್ನೇ ನಾವು ಪ್ರತಿ ಹಕ್ಕಿಗೂ ಹೇಳುತ್ತೇವೆ: ನೂರ್ಕಾಲ ಬಾಳು.

ಆದ್ದರಿಂದ ನಾಳೆ ಬಾಗಿಲು ತೆರೆಯಿರಿ. ಮೊದಲ ದಿನ ಹೆಣ್ಣುಗಳು ಬೆದರಿ ದೂರ ಹಾರುತ್ತವೆ, ನೀವು ಅಳುತ್ತೀರಿ. ಅಷ್ಟನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆಗಲೂ ಮರಿಗಳನ್ನು ಹಿಂದಕ್ಕೆ ಕರೆಯಬೇಡಿ. ನಶ್ಯ ಬಿಡುವುದಿದ್ದರೆ ಆಮೇಲೆ ಬಿಡಿ, ನಿಮ್ಮ ಮೂಗು ನಿಮ್ಮಿಷ್ಟ.

ನಿಮ್ಮನ್ನು ನಾನು ನೋಡಿಲ್ಲ, ನಿಮ್ಮದೊಂದು ಚಿತ್ರವೂ ಉಳಿದಿಲ್ಲ. ನಿಮ್ಮ ಸೀನನ್ನು ಮಾತ್ರ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಈಗಷ್ಟೇ ಹಿತ್ತಲಿನ ಮರದಲ್ಲಿ ಒಂದು ಹಕ್ಕಿ ಸೀನಿತು.

ನೂರ್ಕಾಲ ಬಾಳಿ, ಗುಲಾಬಿಯಕ್ಕ.