ಹನ್ನೊಂದು ಚೀಟಿ

ಛತ್ರಿ ಕಾರ್ಖಾನೆಯ ಮಹಡಿಯಿಂದ,
ಗುರುವಾರ, ತಾರೀಕು ಒಂಬತ್ತು, ಊಟವಾದ ಮೇಲೆ

ನನ್ನ ಮುದ್ದು ಗುಬ್ಬಿಗೆ,

ಹೇಗಿದ್ದೀಯೇ? ಕೆಮ್ಮು ಹೋಯಿತೇ? ಮೊನ್ನೆ ಫೋನಿನಲ್ಲಿ "ಹೋಯ್ತಮ್ಮಾ, ಎಲ್ಲಾ ಹೋಯ್ತು" ಎನ್ನುತ್ತಲೇ ಎರಡು ಸಲ ಕೆಮ್ಮಿದೆ. ನನ್ನ ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗಿಯೇ ಇದೆ. ಬಿಸಿನೀರು ಕುಡಿ. ಹೊಲಿಗೆ ಕಲಿಸುವ ಟೀಚರ್ ಆದಮೇಲೆ ದಿನವಿಡೀ ಆ ಮೂವತ್ತು ಹುಡುಗಿಯರ ಎದುರು ಕೂಗಬೇಕಾಗುತ್ತದೆ, ಗೊತ್ತು, ಆದರೂ ಗಂಟಲು ನಿನ್ನದೇ ಅಲ್ಲವೇ. ಇಲ್ಲಿ ನಾವೆಲ್ಲ ಗುಂಡುಕಲ್ಲಿನ ಹಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಕೆಲಸ ಹೇಳಿದಾಗ ಬರುತ್ತದೆ, ಕಾಫಿ ಅಂದರೆ ಹೋಗುತ್ತದೆ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಸುದ್ದಿ ದೊಡ್ಡದು, ನಗುವಂಥದ್ದು, ನಗುವುದು ಬಹುಪಾಲು ನನ್ನನ್ನೇ ನೋಡಿ.

ನೀನು ಕಾರ್ಖಾನೆ ಬಿಟ್ಟು ಹೊರಟ ದಿನ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದೆ: "ನಾನು ಹೇಳಿದ್ರೆ ನಿಂಗೆ ಕೇಳ್ಸಲ್ಲ ಅಮ್ಮಾ, ಹೊರಗಿನವರನ್ನಾದ್ರೂ ಕರೆಸಿ ಕೇಳು." ಎರಡು ವರ್ಷ ಆ ಮಾತನ್ನು ನುಂಗಿಕೊಂಡೇ ಇದ್ದೆ. ಈ ಸಲ ಬೇಸಿಗೆಯ ಆರಂಭದಲ್ಲಿ ಪೇಟೆಯ ದೊಡ್ಡ ಅಂಗಡಿಯವರಿಂದ ಪತ್ರ ಬಂತು. ಹೋದ ವರ್ಷವೂ ಅದರ ಹಿಂದಿನ ವರ್ಷವೂ ನಮ್ಮ ಛತ್ರಿಗಳು ಅರ್ಧ ಮಳೆಗಾಲ ಮುಗಿದ ಮೇಲೆ ತಲುಪಿದವಂತೆ. ಈ ಸಲ ಒಂದು ದಿನ ತಡವಾದರೂ ಬೇರೆಯವರ ಹತ್ತಿರ ಕೊಳ್ಳುತ್ತಾರಂತೆ. ನಿನಗೆ ಗೊತ್ತಲ್ಲ, ನಮ್ಮ ಅರ್ಧಕ್ಕಿಂತ ಹೆಚ್ಚು ಛತ್ರಿ ಹೋಗುವುದೇ ಅಲ್ಲಿಗೆ. ಅವರು ಕೈಬಿಟ್ಟರೆ ನಿಮ್ಮಪ್ಪನೂ ಸೇರಿ ಇರುವ ಹನ್ನೊಂದು ಜನರಲ್ಲಿ ಐದಾರು ಜನಕ್ಕೆ ನಾಳೆಯಿಂದ ಬರಬೇಡಿ ಎನ್ನಬೇಕು. ಇಪ್ಪತ್ತು ವರ್ಷ ಜೊತೆಗೆ ಕೂತು ಹೊಲಿದವರಿಗೆ ಹಾಗೆ ಹೇಳಲು ನನಗೆ ಬಾಯಾದರೂ ಹೇಗೆ ಬರಬೇಕು? ತಲೆಯ ಮೇಲೆ ಕೈ ಹೊತ್ತು ಕೂತಾಗ ನಿನ್ನ ಮಾತು ನೆನಪಾಯಿತು. ವ್ಯಾಪಾರಕ್ಕೆ ಸಲಹೆ ಕೊಡುವವರು ಅಂತಲೇ ಇರುತ್ತಾರಂತೆ, ಅಂಥವರನ್ನು ಹುಡುಕಿಸಿದೆ.

ಮೊದಲು ಬಂದವನು ಟೈ ಕಟ್ಟಿಕೊಂಡಿದ್ದ. ಲ್ಯಾಪ್‌ಟಾಪಿನಲ್ಲಿ ಮೇಲೆ ಹೋಗುವ ಗೆರೆ, ಕೆಳಗೆ ಬರುವ ಗೆರೆ ಎಲ್ಲ ತೋರಿಸಿದ. ಒಂದು ಗಂಟೆ ಮಾತಾಡಿದವನು ಪಕ್ಕದಲ್ಲೇ ಇದ್ದ ಒಂದು ಛತ್ರಿಯನ್ನೂ ಮುಟ್ಟಿ ನೋಡಲಿಲ್ಲ. ಕಾಫಿ ಕೊಟ್ಟು ಕೈಮುಗಿದೆ. ಎರಡನೆಯವಳು ಹತ್ತಿಯ ಸೀರೆ ಉಟ್ಟು, ಒಂದು ಪುಸ್ತಕ ಹಿಡಿದು ಬಂದಳು. ಕೂರುವ ಮೊದಲೇ ಒಂದು ಛತ್ರಿ ಬಿಡಿಸಿ ಮಡಚಿ ನೋಡಿದಳು. ಆಮೇಲೆ "ನಾನು ಯಾಕೆ ಬೇಕು ಅಂತ ಒಂದೇ ಸಾಲಲ್ಲಿ ಬರೆದುಕೊಡಿ" ಎಂದಳು. "ಇಲ್ಲಿ ಎಲ್ಲರೂ ನಿಧಾನ, ಅವರನ್ನು ಚುರುಕು ಮಾಡಬೇಕು" ಎಂದು ಬರೆದೆ. ಓದಿ ನಕ್ಕು, "ಇದು ನಿಮ್ಮ ಉತ್ತರ, ನಂಗೆ ನಿಮ್ಮ ಪ್ರಶ್ನೆ ಕೊಡಿ" ಎಂದು ವಾಪಸು ಕೊಟ್ಟಳು! ಬರೆದು, ಹೊಡೆದುಹಾಕಿ, ಕೊನೆಗೆ "ನಮ್ಮ ಛತ್ರಿಗಳು ಯಾಕೆ ತಡವಾಗುತ್ತವೆ?" ಎಂಬಲ್ಲಿಗೆ ಬಂದೆ. ಬರೇ ಪ್ರಶ್ನೆಯೇ ಅಂತ ಹೊಲಿಯುವ ಹೆಂಗಸರು ಅವತ್ತೇ ಅವಳಿಗೆ "ಪ್ರಶ್ನೆಪತ್ರಿಕೆ" ಎಂದು ಹೆಸರಿಟ್ಟರು. ಅವಳು ಮೊದಲು ಕೆಲಸ ಮಾಡಿಕೊಟ್ಟಿದ್ದ ಒಬ್ಬ ಬೇಕರಿಯವನಿಗೆ ನಾನು ಫೋನ್ ಮಾಡಿ ವಿಚಾರಿಸಿದೆ. "ಎರಡನೇ ವಾರ ನಿಮಗೆ ಕೆಟ್ಟ ಕೋಪ ಬರುತ್ತೆ ಅಮ್ಮಾ, ಸ್ವಲ್ಪ ತಡ್ಕೊಳ್ಳಿ" ಎಂದ ಪುಣ್ಯಾತ್ಮ. ಆರು ವಾರ, ವಾರಕ್ಕೆ ಎರಡು ದಿನ ಬರುವುದೆಂದು ಮಾತಾಯಿತು. ಅವಳು ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ, ನಾವು ಏನು ಮಾಡಬೇಕು, ಎಲ್ಲ ಬರೆದ ಹಾಳೆಗೆ ಓದದೆಯೇ ಸಹಿ ಹಾಕಿದೆ. ಅದರಲ್ಲಿ ಮೂರನೆಯ ಸಾಲು, "ಏನನ್ನೂ ಮುಚ್ಚಿಡಬಾರದು" ಎಂದು.

ಗುಬ್ಬೀ, ನಾನು ಅವತ್ತು ಸಂಜೆಯೇ ಏನು ಮಾಡಿದೆ ಗೊತ್ತೇ? ಹೊರಗಿನವಳು ನೋಡಿದರೆ ಮಾನ ಹೋಗುತ್ತದೆ ಅಂತ ನೆಲ ಒರೆಸಿಸಿದೆ, ಎಲ್ಲರಿಗೂ ಒಗೆದ ಬಟ್ಟೆ ಹಾಕಿಕೊಂಡು ಬರಲು ಹೇಳಿದೆ. "ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅನ್ನಿ, ಜಾಸ್ತಿ ಬಾಯಿ ಬಿಡ್ಬೇಡಿ" ಎಂದು ತಾಕೀತು ಮಾಡಿದೆ. ನಾನು ಪರೀಕ್ಷಿಸಬೇಕೆಂದು ನನ್ನ ಮೇಜಿನ ಸುತ್ತ ರಾಶಿ ಬಿದ್ದಿದ್ದ ನಾನೂರು ಛತ್ರಿಗಳನ್ನು ಮಹಡಿಗೆ ಹೊರಿಸಿ ನಮ್ಮ ಮಲಗುವ ಕೋಣೆಯಲ್ಲಿ ತುಂಬಿಸಿದೆ. ಒಂದು ವಾರ ನಿಮ್ಮಪ್ಪ ಮಂಚದ ಒಂದಂಚಿನಲ್ಲಿ ಕಾಲು ಮಡಚಿ ಮಲಗಿದರು. ಪಾಪ, ಪ್ರಶ್ನೆಪತ್ರಿಕೆ ಆ ವಾರ ಬಂದ ಎರಡೂ ದಿನ ಕೆಳಗೆ ಓಡಾಡಿ ಬರೆದುಕೊಂಡದ್ದೇ ಬರೆದುಕೊಂಡದ್ದು. ಎಲ್ಲರೂ ಚುರುಕು, ಎಲ್ಲೂ ರಾಶಿ ಇಲ್ಲ, ಆದರೂ ಛತ್ರಿ ಮಾತ್ರ ಹೊರಗೆ ಹೋಗುತ್ತಿಲ್ಲ! ಎರಡನೆಯ ವಾರ ಕೈ ತೊಳೆಯಲೆಂದು ಮಹಡಿಗೆ ಬಂದವಳು ಬಚ್ಚಲಿನ ಬಾಗಿಲು ಬಿಟ್ಟು ಕೋಣೆಯ ಬಾಗಿಲು ತೆಗೆದಳು. ದಡದಡ ಅಂತ ಛತ್ರಿಗಳು ಅವಳ ಮೈಮೇಲೆ ಬಿದ್ದು ಮೆಟ್ಟಿಲ ತನಕ ಉರುಳಿದವು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳು ಬಯ್ಯಲಿಲ್ಲ. ಛತ್ರಿಗಳ ನಡುವೆ ನೆಲದ ಮೇಲೇ ಕೂತು, "ಡಾಕ್ಟರ್ ಬರ್ತಾರೆ ಅಂತ ಜ್ವರ ಬಚ್ಚಿಟ್ರಾ ಅಮ್ಮಾ?" ಎಂದಳು. ನಿಮ್ಮಪ್ಪ ಹಿಂದಿನಿಂದ ಗಹಗಹಿಸಿ ನಕ್ಕರು, ಆಮೇಲೆ ಅವಳೂ ನಕ್ಕಳು, ನನಗೂ ತಡೆಯಲಾಗಲಿಲ್ಲ.

ಮುಂದಿನ ಸಲ ಬಂದಾಗ ಹನ್ನೊಂದು ಜನಕ್ಕೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ ಒಂದೇ ಪ್ರಶ್ನೆಗೆ ಉತ್ತರಿಸಲು ಹೇಳಿದಳು: ಕೆಲಸದಲ್ಲಿ ನೀವು ಅತಿ ಹೆಚ್ಚು ಕಾಯುವುದು ಯಾರಿಗಾಗಿ? ನಾನಂತೂ ಬಟ್ಟೆ ಕತ್ತರಿಸುವ ಮಾವಯ್ಯನ ಹೆಸರೇ ಬರುತ್ತದೆ, ಈ ಸಲ ಅವನಿಗೆ ಬುದ್ಧಿ ಕಲಿಸುತ್ತೇನೆ ಅಂತ ಕಾದಿದ್ದೆ. ಒಂಬತ್ತು ಚೀಟಿಗಳಲ್ಲಿ "ಅಮ್ಮನಿಗಾಗಿ" ಎಂದಿತ್ತು. ಹತ್ತನೆಯದರಲ್ಲಿ "ಅಮ್ಮನ ಕನ್ನಡಕ ಸಿಗುವುದಕ್ಕಾಗಿ". ಹನ್ನೊಂದನೆಯದರ ಅಕ್ಷರ ನನಗೆ ಗೊತ್ತಿಲ್ಲದ್ದೇ? "ಅವಳಿಗಾಗಿ, ಮದುವೆಯಾದಾಗಿನಿಂದ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾ ಬಂದಿದ್ದೆನಲ್ಲೇ ಇಷ್ಟು ವರ್ಷ! ಆದರೆ ಆಗ ಹಾಗೆ ಅನಿಸಲಿಲ್ಲ. ಬೇಕರಿಯವನು ಹೇಳಿದ ಕೋಪ ನೆತ್ತಿಗೇರಿತು. ನನ್ನ ಕೈ ಮುಟ್ಟದೆ ಒಂದು ಛತ್ರಿಯೂ ಹೊಸಿಲು ದಾಟಬಾರದು ಅಂತ ಹಗಲೆಲ್ಲ ಮೂರು ಮೂರು ಸಲ ಬಿಡಿಸಿ, ಬೆಳಕಿಗೆ ಹಿಡಿದು ನೋಡುವುದು ಯಾರಿಗಾಗಿ? ಪ್ರಶ್ನೆಪತ್ರಿಕೆಗೆ ನಾಳೆಯಿಂದ ಬರಬೇಡ ಎಂದು ಹೇಳಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ.

ಅವಳು ಮಾರನೆಯ ದಿನವೇ ಬಂದಳು ನೋಡು. ಹಟದಲ್ಲಿ ನನಗಿಂತ ಒಂದು ಕೈ ಮೇಲು. ನನ್ನ ಮೇಜಿನ ಎದುರು ಸ್ಟೂಲ್ ಎಳೆದುಕೊಂಡು ಕೂತು, "ನಿಲ್ಲಿಸಿ ಅಂತ ಹೇಳಲ್ಲ, ಜೊತೆಗೆ ಎಣಿಸ್ತೀನಿ ಅಷ್ಟೇ" ಎಂದಳು. ಇಬ್ಬರೂ ಆ ನಾನೂರು ಛತ್ರಿಗಳನ್ನೂ ನೋಡಿ ಮುಗಿಸಿದೆವು. ನಾಲ್ಕು ದಿನ ಹಿಡಿಯಿತು. ನಾನು ತಪ್ಪೆಂದು ತೆಗೆದಿಟ್ಟದ್ದು ಎಷ್ಟು ಗೊತ್ತೇ? ಆರು. ಆರರಲ್ಲೂ ಒಂದೇ ದೋಷ, ನೆತ್ತಿಯ ಹೊಲಿಗೆ ಸಡಿಲ. ಹೊಲಿದವಳು ಅಲ್ಲೇ ಒಮ್ಮೆ ಬಿಡಿಸಿ ನೋಡಿದ್ದರೆ ಅವಳಿಗೇ ಕಾಣುತ್ತಿತ್ತು. ನಾನು ಆ ಆರು ಛತ್ರಿಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೊಮ್ಮೆ ಎಣಿಸಿದೆ. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಸುಳ್ಳಲ್ಲ.

ಈಗ ಹೊಲಿಯುವ ಹೆಂಗಸರೇ ತಾವು ಹೊಲಿದದ್ದನ್ನು ಬಿಡಿಸಿ ನೋಡಿ ನೇರವಾಗಿ ಪೆಟ್ಟಿಗೆಗೆ ಹಾಕುತ್ತಾರೆ. ಮೊದಲ ಎರಡು ದಿನ ನಾನು ಕೈ ಕಟ್ಟಿಕೊಂಡು ಕೂರಲಾರದೆ ಮಹಡಿಗೂ ಕೆಳಕ್ಕೂ ಎಷ್ಟು ಸಲ ಹತ್ತಿ ಇಳಿದೆನೋ! ಹಾಗಂತ ಅವಳು ಹೇಳಿದ್ದಕ್ಕೆಲ್ಲ ಹೂಂ ಅಂದೆ ಅಂದುಕೊಳ್ಳಬೇಡ. ಹಿಡಿಗಳನ್ನು ಹೊರಗಿನಿಂದ ಸಿದ್ಧವಾಗಿಯೇ ತರಿಸಿ ಎಂದಳು. ನಿಮ್ಮಪ್ಪ ಮರ ಕೆತ್ತಿ ಮಾಡುವ ಹಿಡಿ ನೋಡಿಯೇ ಜನ ನಮ್ಮ ಛತ್ರಿ ಕೊಳ್ಳುವುದು, ಅದಾಗದು ಅಂತ ಕಾರಣ ಸಮೇತ ಹೇಳಿದೆ. ಅವಳು ಅಂಗಡಿಯಲ್ಲಿ ನಿಂತು ಕೊಳ್ಳುವವರನ್ನು ತಾನೇ ಕೇಳಿ ಬಂದು, "ನೀವು ಹೇಳಿದ್ದೇ ಸರಿ" ಎಂದು ಆ ಸಾಲನ್ನು ಹೊಡೆದುಹಾಕಿದಳು. ಅವಳ ಮೇಲೆ ನನಗೆ ನಿಜವಾದ ನಂಬಿಕೆ ಬಂದದ್ದು ಅವತ್ತು. ದೊಡ್ಡ ಅಂಗಡಿಯ ಛತ್ರಿಗಳು ಒಂಬತ್ತು ದಿನ ಮೊದಲೇ ಹೋದವು! ಅವರು ಗಾಬರಿಯಾಗಿ ಫೋನ್ ಮಾಡಿ, "ಏನಾದ್ರೂ ತಪ್ಪಾಗಿ ಕಳಿಸಿದ್ರಾ?" ಎಂದು ಕೇಳಿದರು. ಮುಂದಿನ ವರ್ಷಕ್ಕೂ ನಮಗೇ ಹೇಳಿದ್ದಾರೆ. ಹನ್ನೊಂದು ಜನರಲ್ಲಿ ಒಬ್ಬರನ್ನೂ ಕಳಿಸಬೇಕಾಗಿಲ್ಲ ಕಣೇ! ಸುದ್ದಿ ಕೇಳಿ ಮಾವಯ್ಯ ಕತ್ತರಿ ಹಿಡಿದೇ ಕುಣಿದ. ಮೊನ್ನೆ ಪ್ರಶ್ನೆಪತ್ರಿಕೆಯ ಆರು ವಾರ ಮುಗಿಯಿತು. ಇನ್ನೊಂದು ತಿಂಗಳು ಇರಮ್ಮಾ ಎಂದರೆ, "ಇನ್ನು ನಾನು ಬೇಡ ಅಮ್ಮಾ, ಅದೇ ನನ್ನ ಕೆಲಸ" ಎಂದು ಪುಸ್ತಕ ಮಡಚಿಕೊಂಡು ಹೊರಟಳು. ಹೆಂಗಸರೆಲ್ಲ ರಸ್ತೆಯ ತಿರುವಿನ ತನಕ ಹೋಗಿ ಬಿಟ್ಟು ಬಂದರು.

ನಿಮ್ಮಪ್ಪ ನಿನಗೆ ಮುತ್ತು ಕಳಿಸಿದ್ದಾರೆ. ಮಾವಯ್ಯನೂ ಹೊಲಿಗೆಯವರೂ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ನಗುನಗುತ್ತಾ ಇರು.

ನಿನ್ನ
ಅಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಬೇಗ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಬರುವ ಶನಿವಾರ ಬೆಳಗಿನ ಬಸ್ಸಿಗೆ ಹೊರಟು ನಿನ್ನ ಹತ್ತಿರ ಬರುತ್ತಿದ್ದೇನೆ, ಎಂಟು ದಿನ ಇರುತ್ತೇನೆ. ನಾನಿಲ್ಲದೆಯೂ ಇಲ್ಲಿ ನಡೆಯುತ್ತದೆ, ನೋಡಿದೆನಲ್ಲ. ನಿನ್ನ ಮುಖ ನೋಡಿದರೆ ಈ ಮಾತು ಬಾಯಿಂದ ಬರುವುದಿಲ್ಲ, ಅದಕ್ಕೆ ಇಲ್ಲೇ ಹೇಳುತ್ತೇನೆ. ನೀನು ನಮ್ಮ ಕಾರ್ಖಾನೆಯಲ್ಲಿ ಕೂತು ಹೊಲಿಯುತ್ತಿದ್ದ ದಿನಗಳಲ್ಲಿ, ನೀನು ಊಟಕ್ಕೆ ಎದ್ದಾಗ ನಿನ್ನ ಹೊಲಿಗೆ ಬಿಚ್ಚಿ ನಾನು ಮತ್ತೆ ಹೊಲಿಯುತ್ತಿದ್ದೆ. ಅದು ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು. ಆ ಛತ್ರಿಗಳಲ್ಲಿ ತಪ್ಪೇನೂ ಇರಲಿಲ್ಲ ಮಗಳೇ.