ಪಕ್ಕದ ಮನೆಯ ಮೊಟ್ಟೆ

ಜೂನ್ 11, ಮಂಗಳವಾರ
ಮತ್ತೆ ಬಂಡ್ರಿ ಹಳ್ಳಿ. ಹೊಸಪೇಟೆಯಿಂದ ಬಸ್ಸಿನಲ್ಲಿ ನಿಂತೇ ಬಂದೆ. ಬೆರಳು ಚುಚ್ಚು, ರಕ್ತ ತೆಗಿ, ಮುಂದಿನ ಮನೆ. ಚೀಟಿ ಎತ್ತಿ ಅರ್ಧ ಮನೆಗಳಿಗೆ ತಿಂಗಳಿಗಿಷ್ಟು ದುಡ್ಡು. ಉಳಿದವಕ್ಕೆ ಬರೀ ಚುಚ್ಚು. ಕೈಯಲ್ಲಿ ದುಡ್ಡಾಡಿದರೆ ಆರೋಗ್ಯ ಸುಧಾರಿಸುತ್ತದಾ — ಈ ಅಧ್ಯಯನ ನಡೆಸುವ ನಮ್ಮ ಸರ್‌ಗೆ ಅದು ಗೊತ್ತಾಗಬೇಕು. ನನಗೆ ಸಂಶೋಧನಾ ಪೇಪರಿನಲ್ಲಿ ನನ್ನ ಹೆಸರು ಬರಬೇಕು.
ಪಕೀರಮ್ಮನಿಗೆ ಚೀಟಿ ಹತ್ತಿತು. ಗೋಡೆಯಾಚೆಯ ಹಂಪಕ್ಕನಿಗೆ ಇಲ್ಲ. ಐದು ತಿಂಗಳ ಬಸುರಿ, ರಕ್ತ ತೀರಾ ಕಮ್ಮಿ. "ನಮಗ್ಯಾಕಿಲ್ಲರಿ ಮೇಡಂ?" ಅಂದಳು. ನಿನ್ನ ನಸೀಬು ಅಂದೆ.

ಆಗಸ್ಟ್ 13
ಪಕೀರಮ್ಮ, ಹಂಪಕ್ಕ ಇಬ್ಬರಿಗೂ ರಕ್ತ ಹೆಚ್ಚಿದೆ! ಓಣಿಯಲ್ಲೆಲ್ಲ ಇದೇ ಕಥೆ. ಸರ್ ಫೋನಿನಲ್ಲೇ ಕೂಗಾಡಿದರು. ದುಡ್ಡು ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಏನಂತ ಬರೆಯೋದು?
ಪಕೀರಮ್ಮನನ್ನು ಹಿಡಿದು ಕೇಳಿದೆ. ಹಾಲು, ಮೊಟ್ಟೆ ದಿನಾ ಗೋಡೆ ದಾಟುತ್ತಿವೆ. ದೊಡ್ಡ ಧಾರಾಳಿ!
"ಬಸುರಿ ಹೆಂಗಸು ನೋಡಾಕತ್ತಾಗ ಒಬ್ಬಾಕಿನ ಹ್ಯಾಂಗ ತಿನ್ಲಿರಿ? ಗಂಟಲಾಗ ಇಳೀತೈತೇನು?"
ಮೈ ಉರಿಯಿತು.

ಆಗಸ್ಟ್ 14
ಸರ್ ಹೇಳಿದ್ದನ್ನು ಮನೆಮನೆಗೂ ಹೇಳಿ ಬಂದೆ. ಹಂಚಿದರೆ ದುಡ್ಡು ಬಂದ್. ಪಕೀರಮ್ಮನ ಗಂಡನಿಗೆ ಸಕ್ಕರೆ ಕಾಯಿಲೆ, ಮಾತ್ರೆ ಬರುವುದು ಆ ದುಡ್ಡಿನಲ್ಲೇ. "ಆತ್ರಿ" ಅಂದಳು. ಹೊರಡುವಾಗ ಚಾ ಕೊಟ್ಟಳು. ಚೆನ್ನಾಗಿತ್ತು.

ಸೆಪ್ಟೆಂಬರ್ 10
ಹಂಪಕ್ಕನ ರಕ್ತ ಇಳಿದಿದೆ. ಆಸ್ಪತ್ರೆಗೆ ಹೋಗು ಅಂದರೆ ಕೂಲಿ ತಪ್ಪುತ್ತದಂತೆ. ನನ್ನ ಬ್ಯಾಗಿನಲ್ಲಿ ಕಬ್ಬಿಣದ ಮಾತ್ರೆ ಇತ್ತು, ನನಗೆಂದು ಕೊಂಡದ್ದು. ಕೊಡಲಿಲ್ಲ. ಕೊಟ್ಟರೆ ಮತ್ತೆ ಎಲ್ಲ ಕೆಡುತ್ತದೆ.
"ಪಕೀರಮ್ಮ ಬಾಗ್ಲಾ ಹಾಕ್ಕೊಂಡು ಉಣ್ತಾಳ್ರಿ. ನಾ ಏನ್ ತಪ್ಪು ಮಾಡೀನಿ?"
ಎಲ್ಲ ನನ್ನನ್ನೇ ಕೇಳಬೇಕಾ?

ಅಕ್ಟೋಬರ್ 8
ಸರ್ ಭಾರಿ ಖುಷಿ. ಗ್ರಾಫಿನಲ್ಲಿ ಎರಡು ಗೆರೆ ಈಗ ಚೆನ್ನಾಗಿ ಬೇರೆಯಾಗಿವೆ. ಪೇಪರಿನಲ್ಲಿ ನನ್ನದೇ ಎರಡನೇ ಹೆಸರು! ಅಮ್ಮನ ಕೈಲಿ ಶಿರಾ ಮಾಡಿಸಿಕೊಂಡು ತಿಂದೆ.

ಅಕ್ಟೋಬರ್ 22, ಸಂಜೆ
ಹಂಪಕ್ಕ ಹೋದಳು. ಬೆಳಗ್ಗೆ ಹೆರಿಗೆಯಾಯಿತಂತೆ, ರಕ್ತ ನಿಲ್ಲಲಿಲ್ಲ. ಮೈಯಲ್ಲಿ ಇದ್ದದ್ದಾದರೂ ಎಷ್ಟು. ಕೂಸು ಉಳಿದಿದೆ.
ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅಕ್ಕಪಕ್ಕದವರೇ ಅನ್ನ ತರಬೇಕು. ಯಾರೂ ತಂದಿರಲಿಲ್ಲ. ಪಕೀರಮ್ಮ ಅನ್ನದ ಪಾತ್ರೆ ಹಿಡಿದು ತನ್ನ ಹೊಸ್ತಿಲಲ್ಲೇ ನಿಂತಿದ್ದಳು.
"ಸತ್ತ ಮನಿಗೆ ಅನ್ನ ಒಯ್ಯಬೋದೇನ್ರಿ ಮೇಡಂ? ಇಲ್ಲಾ, ಇದಕ್ಕೂ ದುಡ್ಡು ಬಂದ್ ಮಾಡ್ತೀರೋ?"
ಒಯ್ಯಿ ಅಂದುಬಿಡಬೇಕಿತ್ತು. ಒಂದು ನಿಮಿಷ, ಸರ್‌ಗೆ ಕೇಳ್ತೀನಿ ಅಂದೆ. ನಾನೇ ಅಂದೆ. ಸರ್ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಎಷ್ಟು ದಿನ ಕೊಡ್ತಾಳಂತೆ, ಕೇಳು. ಲೆಕ್ಕಕ್ಕೆ ಬರ್ಕೋಬೇಕು" ಅಂದರು.
ಕೇಳಿದೆ. ಫೋನ್ ಕಿವಿಗಿಟ್ಟುಕೊಂಡೇ, ಅಲ್ಲಿ, ಪಕ್ಕದ ಅಂಗಳದಲ್ಲಿ ಮಲಗಿಸಿದ್ದ ಹೆಣದ ಎದುರಿಗೆ, ಪಕೀರಮ್ಮನನ್ನು...