ರಕ್ಕಸಿಗೆ ಕೊಟ್ಟ ಮುಖ

ಪುಣೆ, ಶುಕ್ರವಾರ ಪೇಠ
೧೪ ನವೆಂಬರ್ ೧೯೩೭, ರವಿವಾರ

ಕೆಳಗಿನ ಖೋಲಿಯ ಭೀಮವ್ವನಿಗೆ ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ನಾನು ಬರೆದು ಚಿತ್ರ ತೆಗೆದ ಮೊದಲ ಮಕ್ಕಳ ಪುಸ್ತಕ ಅಚ್ಚಾಗಿ ಬಂದು ಎಂಟು ದಿನವಾಯಿತು. ಅದರೊಳಗಿನ ರಕ್ಕಸಿಯ ಕತೆ, ವಾಡೆಯ ಕಟ್ಟೆಯ ಮೇಲೆ ಕೂತು ಈ ಮುದುಕಿಯೇ ಹುಡುಗರಿಗೆ ಹೇಳುತ್ತಿದ್ದದ್ದು. ರಕ್ಕಸಿಯ ಮುಖ ಹೊಳೆಯದೆ ನಾಲ್ಕು ಕಾಗದ ಹರಿದೆ. ಕಡೆಗೆ ಭೀಮವ್ವನನ್ನೇ ನೋಡುತ್ತ ಬಿಡಿಸಿದೆ. ಬಾಗಿದ ಬೆನ್ನು, ಹೊರಗೆ ಬಂದ ಒಂದು ಹಲ್ಲು, ಮೂಗಿನ ಮೇಲಿನ ಕರಿ ಮಚ್ಚೆ. ಭಾಳ ಛಲೋ ಬಂತೆಂದು ಹಿಗ್ಗಿದ್ದೆ.

ಕನ್ನಡ ಓದಲು ಬಾರದ ಮರಾಠಿ ಹುಡುಗರೂ ಚಿತ್ರ ನೋಡಿ ಗುರುತು ಹಿಡಿದರು. ನಿನ್ನೆ ಅವಳು ನೀರಿಗೆ ಹೋದಾಗ "ರಾಕ್ಷಸೀಣ ಆಲೀ!", ರಕ್ಕಸಿ ಬಂದಳು, ಎಂದು ಕೂಗಿ ಓಡಿದರಂತೆ.

ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು.

"ಮಾಸ್ತರ, ಇದು ನಾನೇನ್ರಿ?"

"ಛೇ, ಅಲ್ಲವ್ವ. ಮನಸಿಗೆ ಬಂದದ್ದು ತಗದೀನಿ."

"ನಾನೂ ಹುಡುಗ್ರಿಗೆ ಅದನ್ನ ಅಂದೆ. ನಮ್ಮ ಮಾಸ್ತರು ಹಂಗ ಮಾಡೂ ಮಂದಿ ಅಲ್ಲ ಅಂತ."

ಪುಸ್ತಕದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಕೈಗೆ ಕೊಟ್ಟು ಹೋದಳು.

ಸಂಜೆ ಹುಡುಗರು ಕತೆ ಹೇಳೆಂದು ಅವಳಿಗೆ ಗಂಟು ಬಿದ್ದರು. ಒಲ್ಲೆ ಅನ್ನಲಿಲ್ಲ. ಹೊರಗೆ ಬಂದು ಕೂತಳು, ಆದರೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಅದರೊಳಗಿಂದಲೇ ಹೇಳಿದಳು. ಕಣ್ಣು ಅರಳಿಸಿ, ಬಾಯಿ ತೆರೆದು ಹೇಳುವ ಹೆಂಗಸು. ಹುಡುಗರು ಅರ್ಧಕ್ಕೇ ಎದ್ದು ಹೋದರು.

ಕೆಳಗಿಳಿದು ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ನಾಳೆ ಹೇಳಿದರೆ ಬೆಳಗಿನ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಅವಳು ನನ್ನ ಮೇಲೆ ಇಟ್ಟುಕೊಂಡ ಆ ಒಂದು ನಂಬಿಕೆಯನ್ನೂ ನಾನೇ ಕಿತ್ತುಕೊಳ್ಳಬೇಕು.